ಪಥ್ಯ ಬಿಡಲು ಹೆದರಿದ ಜುಂಜಪ್ಪ

ಗುಬ್ಬಿ ರೈಲ್ವೆ ಸ್ಟೇಷನ್ನಿನಲ್ಲಿ ಜಟಕಾ ಹೊಡೆಯುತ್ತಿದ್ದ ಜುಂಜಪ್ಪನಿಗೆ ೧೯೫೮ರಲ್ಲಿ ಕಾಮಾಲೆಯಾಯಿತು. ಕಳ್ಳಭಟ್ಟಿ ಸಾರಾಯಿ ಅವನ ಹಳೆಯ ಚಟ. ಕುಡಿದ ದಿನ ಊಟ ಮಾಡುತ್ತಿರಲಿಲ್ಲ. ಕುಡಿಯದ ದಿನಗಳೇ ಕಡಿಮೆ. ಹೆಂಡತಿ ಕದರಮ್ಮ ಬೇಸತ್ತು ಕುಣಿಗಲ್ಲಿನ ತವರು ಸೇರಿದ್ದಳು.

ನಾಟಿ ಔಷಧಿ ಕೊಡುವ ಕಲ್ಲಮ್ಮ ನೆಲನೆಲ್ಲಿ ಅರೆದು ಕುಡಿಸಿದಳು. ಒಂದು ಮಂಡಲ ಪಥ್ಯ ಹೇಳಿದಳು. ಉಪ್ಪು, ಎಣ್ಣೆ, ಬೇಳೆಕಾಳು ಯಾವುದೂ ಕೂಡದು, ಬರೀ ಅಕ್ಕಿಗಂಜಿ. “ಸಾರಾಯಿ ಮೂಸಿದ್ಯೋ, ಮದ್ದು ಮುರಿದೋಯ್ತದೆ ಕಣ್ಲಾ.”

ಹೆಂಡತಿಗೆ ಕೊಟ್ಟ ಒಂದು ಮಾತನ್ನೂ ಉಳಿಸಿಕೊಳ್ಳದವನು ಪಥ್ಯವನ್ನು ಬಿಗಿಯಾಗಿ ಹಿಡಿದ. ಕುಡಿತ ನಿಂತಿತು, ಕಣ್ಣಿನ ಹಳದಿ ಇಳಿಯಿತು. ಕುಣಿಗಲ್ಲಿಗೆ ಹೊರಟಿದ್ದ ಗೆಳೆಯ ರಂಗಣ್ಣನ ಕೈಲಿ ಹೆಂಡತಿಗೆ ಸುದ್ದಿ ಕಳಿಸಿದ. “ಪಥ್ಯ ಬುಡ್ಲಿ, ಆಮೇಲೆ ಗೊತ್ತಾಯ್ತದೆ,” ಎಂದಳಂತೆ ಕದರಮ್ಮ.

ಆ ಮಾತು ಅವನನ್ನು ಹೆದರಿಸಿತು. ಮಂಡಲ ಮುಗಿದರೂ ಜುಂಜಪ್ಪ ಗಂಜಿಯನ್ನೇ ಕುಡಿದ. ಬಾಯಿಗೆ ರುಚಿ ಹತ್ತಿದರೆ ಸಾರಾಯಿಯೂ ಬೇಕಾಗುತ್ತದೆಂದು ಅವನ ಲೆಕ್ಕ. ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟ. ಸ್ಟೇಷನ್ನಿನ ಗೆಳೆಯರು “ಸನ್ನೇಸಿ ಬಂದ ನೋಡ್ರಲಾ” ಎಂದು ನಗುತ್ತಿದ್ದರು. ಕ್ರಮೇಣ ಕರೆಯುವುದನ್ನೇ ನಿಲ್ಲಿಸಿದರು. ಮಳೆಗಾಲದ ಹೊತ್ತಿಗೆ ಕಾಲು ಬಾತು, ಹೊಟ್ಟೆ ಉಬ್ಬಿತು.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಏನು ತಿನ್ನುತ್ತೀ ಎಂದು ಕೇಳಿದರು.

“ಗಂಜಿ, ಬುದ್ಧಿ.”

“ಕುದುರೆಗೇನು ಹಾಕ್ತೀಯ?”

“ಹುರುಳಿ. ಇಲ್ದಿದ್ರೆ ಗಾಡಿ ಎಳೀತದಾ?”

“ಅಷ್ಟು ಗೊತ್ತಿದ್ದೂ ನೀನು ಗಂಜೀಲಿದೀಯಲ್ಲಯ್ಯ.”

ಕುಡಿತದಿಂದ ಕೆಟ್ಟ ಈಲಿ, ಅಂದರೆ ಲಿವರ್, ಪೂರ್ತಿ ಸರಿಹೋಗದು, ಉಳಿದಷ್ಟು ಕೆಲಸ ಮಾಡಬೇಕಾದರೆ ಕಾಳು, ಹಾಲು, ಮೊಟ್ಟೆ ಬೇಕು, ಉಪ್ಪು ಮಾತ್ರ ಬೇಡ ಎಂದು ಡಾಕ್ಟರು ಬಿಡಿಸಿ ಹೇಳಿದರು.

“ಪಥ್ಯ ಬುಟ್ರೆ ಕುಡೀತೀನಿ ಬುದ್ಧಿ.”

“ಬಿಡದಿದ್ರೆ ಉಳಿಯಲ್ಲ.”

ಊರಿಗೆ ಬಂದವನು ಹೆಸರುಕಾಳು ಬೇಯಿಸಿಕೊಂಡ. ತಟ್ಟೆಗೆ ಹಾಕಿಕೊಂಡು ತಿಂದ. ಸಂಜೆ ಸಾರಾಯಿ ಬೇಕೆನ್ನಿಸಿತು. ಗಂಜಿ ಕುಡಿಯುತ್ತಿದ್ದಾಗಲೂ ಪ್ರತಿ ಸಂಜೆ ಹೀಗೇ ಅನ್ನಿಸುತ್ತಿತ್ತೆಂಬುದು ಆಗ ಅವನಿಗೆ ಹೊಳೆಯಿತು. ಬಾಗಿಲು ಹಾಕಿಕೊಂಡು ಮಡಕೆಯಲ್ಲಿ ಉಳಿದಿದ್ದ ಕಾಳನ್ನೂ ತಿಂದ.

ಜುಂಜಪ್ಪ ೧೯೬೬ರವರೆಗೆ ಬದುಕಿದ. ಮತ್ತೆ ಕುಡಿಯಲಿಲ್ಲ. ಕದರಮ್ಮ ಒಮ್ಮೆ ಬಂದು, ಎರಡು ದಿನ ಇದ್ದು ಹೋದಳು. ಅಡಿಗೆಯನ್ನು ಕೊನೆಯವರೆಗೂ ಅವನೇ ಮಾಡಿಕೊಂಡ.