ಶಂಕ್ರವ್ವ ತಿದ್ದಗೊಡದ ಆಟ

ತಿಳವಳ್ಳಿಗೆ ಕಾಲರಾ ಬಂದ ವರ್ಷ ಶಂಕ್ರವ್ವನ ಗಂಡನೂ ಪುಟ್ಟ ಮಗಳೂ ಒಂದೇ ವಾರದಲ್ಲಿ ತೀರಿಕೊಂಡರು. ಊರಿನ ಮೊದಲ ಸಾವು ಅವಳ ಮನೆಯದು. ಅವಳ ಪಾಪದಿಂದಲೇ ದೇವಿಯ ಸಿಟ್ಟು ಊರು ಹೊಕ್ಕಿತೆಂದು ಜನ ಆಡಿಕೊಂಡರು. ಅವಳು ಬಾವಿಗೆ ಬಂದರೆ ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಅವಳು ಕೆರೆಯ ನೀರು ಕುಡಿದಳು, ಭತ್ತದ ಗದ್ದೆಗಳಲ್ಲಿ ಕೂಲಿ ಮಾಡಿದಳು, ಯಾರ ಮುಂದೆಯೂ ಅಳಲಿಲ್ಲ.

ಮರುವರ್ಷ, ೧೯೩೯ರ ಸುಗ್ಗಿ ಮುಗಿದ ಮೇಲೆ, ಚಿಕ್ಕೇರೂರಿನ ಹುಚ್ಚಪ್ಪ ಮಾಸ್ತರ ಊರಿನವರಿಗೆ ಸಣ್ಣಾಟವೆಂಬ ಹಾಡುನಾಟಕ ಕಲಿಸಲು ಬಂದ. ರಾಜರಾಣಿಯರ ಕತೆ ಬಿಟ್ಟು ಹೊಸದೊಂದು ಕಟ್ಟಿದ್ದ: ಗಂಗಿ ಎಂಬ ಬಡವಿ, ಕಾಲರಾದಲ್ಲಿ ಸಾಯುವ ಅವಳ ಕೂಸು, ಬಾಗಿಲು ಹಾಕಿಕೊಳ್ಳುವ ಊರು. ಕೊನೆಗೆ ಗಂಗಿ ಒಬ್ಬಳೇ ಕೂಸನ್ನು ಮಣ್ಣು ಮಾಡಿ, ಕುಡುಗೋಲು ಹಿಡಿದು ಕೆಲಸಕ್ಕೆ ಹೊರಡುತ್ತಾಳೆ.

ಸಂಜೆಯ ತಾಲೀಮು ನೋಡಿದ ಊರಗೌಡ ಕುಬೇರಪ್ಪನಿಗೆ ಇದು ಹಿಡಿಸಲಿಲ್ಲ. "ಮಾಸ್ತರ, ಕಡೀಕ ದೇವಿ ಬಂದು ಕೂಸಿನ್ನ ಎಬ್ಬಸ್ಲಿ. ಮಂದಿ ಸಮಾಧಾನದಿಂದ ಮನೀಗೆ ಹೋಗಬೇಕು."

ಗೋಡೆಯ ಮಗ್ಗುಲಲ್ಲಿ ನಿಂತಿದ್ದ ಶಂಕ್ರವ್ವ ಮುಂದೆ ಬಂದಳು. "ಬ್ಯಾಡ್ರಿ ಗೌಡ್ರ. ಎಬ್ಬಸಬ್ಯಾಡ್ರಿ."

"ಯಾಕ? ಆಟದಾಗ ಕೂಸು ಬದುಕಿದ್ರ ನಿನಗೇನ ಸಂಕಟ?"

"ಗಂಗೀ ಕೂಸು ಎದ್ರ, ನನ್ನ ಮಗಳು ಯಾಕ ಏಳಲಿಲ್ರಿ? ಆಕಿ ಪುಣ್ಯವಂತಿ, ನಾ ಪಾಪಿ ಅಂದಂಗ ಆಕೈತಿ. ಸತ್ತದ್ದು ಸತ್ತಂಗ ಇರ್ಲಿ. ನನ್ನಂಥಾಕಿ ಒಬ್ಬಾಕಿ ಕುಡಗೋಲ ಹಿಡದು ಹೊಂಟ್ಳಲ್ಲ, ಅದನ್ನ ನೋಡಿದ ಮ್ಯಾಲ ನನಗ ಜೀವದಾಗ ಜೀವ ಬಂದೈತಿ."

ಹಾಗಾದರೆ ಚಾವಡಿಯ ಮುಂದೆ ಆಡಗೊಡುವುದಿಲ್ಲ ಎಂದ ಗೌಡ.

"ನನ್ನ ಅಂಗಳದಾಗ ಆಡ್ರಿ ಮಾಸ್ತರ" ಎಂದಳು ಶಂಕ್ರವ್ವ.

ವರ್ಷದಿಂದ ಯಾರೂ ಕಾಲಿಡದ ಅಂಗಳಕ್ಕೆ ಆಟದ ಆಸೆಗೆ ಊರೇ ಬಂತು. ಕೂಸು ಏಳಲಿಲ್ಲ. ಕೆಲವರು ಬೈದುಕೊಂಡು ಎದ್ದುಹೋದರು, ಉಳಿದವರು ಅತ್ತರು. ಪಕ್ಕದ ಮನೆಯ ಅನ್ನವ್ವ ಕೊನೆಯವರೆಗೂ ಕೂತಿದ್ದಳು.

ಮರುದಿನ ಶಂಕ್ರವ್ವ ಬಾವಿಗೆ ಹೋಗಿ ಹಗ್ಗ ಹಿಡಿದಳು. "ಸರಿಯೋರು ಸರೀರಿ. ನಾ ನೀರ ಸೇದಾಕ ಬಂದೇನಿ."

ಅನ್ನವ್ವ ಮಾತ್ರ ಸರಿಯಲಿಲ್ಲ. ಉಳಿದವರ ಬಿಗುಮಾನ ಇಳಿಯಲು ವರ್ಷಗಳೇ ಹಿಡಿದವು.

೧೯೪೪ರಲ್ಲಿ ಕಾಲರಾ ಮತ್ತೆ ಬಂದಾಗ ಅನ್ನವ್ವನ ಮಗ ಹಾಸಿಗೆ ಹಿಡಿದ. ಗಂಜಿ ಹಿಡಿದು ಒಳಗೆ ಬಂದವಳು ಶಂಕ್ರವ್ವ ಒಬ್ಬಳೇ. ಹುಡುಗ ಉಳಿಯಲಿಲ್ಲ. ಬಾಗಿಲಾಚೆ ಆಗಲೇ ಪಿಸುಮಾತು ಶುರುವಾಗಿತ್ತು. ಶಂಕ್ರವ್ವ ಗೆಳತಿಯನ್ನು ಎದೆಗೆ ಒತ್ತಿಕೊಂಡಳು.

"ಅಳು ಅನ್ನವ್ವ, ಎಷ್ಟ ಬೇಕೊ ಅಷ್ಟು ಅಳು. ನಿಂದ ಪಾಪ ಅನ್ನೋರು ಇದ್ರ ಒಳಗ ಬಂದು ನನ್ನ ಮುಂದ ಅನ್ಲಿ."

ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೊರಗೆ ಬಂದು, ನಿಂತಿದ್ದ ಗಂಡಸರಿಗೆ ಗುದ್ದಲಿ ತರಲು ಹೇಳಿದಳು. ಇಬ್ಬರು ಹೋಗಿ ತಂದರು.