ಖಾಲಿ ಗಾಡಿ ಸುಳ್ಳು ಹೇಳುತ್ತೆ

ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಒಂಬತ್ತೂಕಾಲು. ನಮ್ಮ ಪಿಕಪ್ಪಿಗೆ ನಾನು ಆಸೆಪಟ್ಟು ಹಾಕಿಸಿದ್ದ ದೊಡ್ಡ ಚಕ್ರಗಳು, ಲೋಡ್ ಇದ್ದಾಗ ತಿರುವಿನಲ್ಲೆಲ್ಲ ಮಡ್‌ಗಾರ್ಡಿಗೆ ಉಜ್ಜುತ್ತಿದ್ದವು. "ಇವತ್ತು ಸರಿಹೋಗ್ಲಿಲ್ಲ ಅಂದ್ರೆ ಹಳೇ ಚಕ್ರಾನೇ ಹಾಕ್ಸು" ಎಂದು ಅಪ್ಪನೂ ಜೊತೆಗೇ ಬಂದಿದ್ದರು.

ಮಲ್ಲತ್ತಹಳ್ಳಿಯ ಒಂದು ಶೆಡ್ಡಿನ ಮೆಕ್ಯಾನಿಕ್ ಟೈರಿನ ಅಂಚಿಗೆ ಒದ್ದೆ ಸೀಮೆಸುಣ್ಣ ಬಳಿದರು. ಆಮೇಲೆ ಪಕ್ಕದ ಟೀ ಅಂಗಡಿಯತ್ತ ಕೂಗಿದರು: "ಬನ್ರಪ್ಪ, ಹತ್ತಿ. ಖಾಲಿ ಗಾಡಿ ಸುಳ್ಳು ಹೇಳುತ್ತೆ."

ಎಂಟು ಜನ ಟೀ ಲೋಟದ ಸಮೇತ ಹತ್ತಿದರು. ನಾನು ಸ್ಟಿಯರಿಂಗ್ ಪೂರ್ತಿ ತಿರುಗಿಸಿ ರೋಡ್ ಹಂಪ್ ಹತ್ತಿಸಿದೆ. ಮೆಕ್ಯಾನಿಕ್ ಮೊಣಕಾಲಿನ ಮೇಲೆ ಕೈಯಿಟ್ಟು ಬಗ್ಗಿ, ಕಿವಿಗೊಟ್ಟು ಪಕ್ಕದಲ್ಲೇ ನಡೆದರು. ಕರ್ ಎಂದಿತು. ಮಡ್‌ಗಾರ್ಡಿನೊಳಗೆ ಸುಣ್ಣ ಮೆತ್ತಿದ್ದ ಕಡೆ ಮಾತ್ರ ಬೆರಳಗಲ ಪ್ಲಾಸ್ಟಿಕ್ ಕೊಯ್ದರು. ಎರಡನೇ ಸುತ್ತಿನಲ್ಲೂ ಕರ್ ಎಂದಿತು, ಮತ್ತೆ ಕೊಯ್ದರು.

ಮೂರನೆಯದಕ್ಕೆ ಅಪ್ಪನತ್ತ ತಿರುಗಿದರು. "ಸಾರ್, ನೀವೂ ಹತ್ತಿ. ತೂಕದ ಮನುಷ್ಯರು. ಖಾಲಿ ಗಾಡಿ ಸುಳ್ಳು ಹೇಳುತ್ತೆ."

ಒಂಬತ್ತು ಜನ. ಅದೇ ಹಂಪ್. ಸದ್ದೇ ಇಲ್ಲ. ಹಿಂದಿನಿಂದ ಅಪ್ಪನ ದನಿ ಬಂತು: "ಇನ್ನೊಂದು ರೌಂಡ್ ಹೊಡಿಯೋ, ಗ್ಯಾರಂಟಿ ಆಗ್ಲಿ."

ನನ್ನ ಡೈರಿಯಲ್ಲಿ ನಾಲ್ಕು ಸುತ್ತು ಎಂದಿದೆ. ನಾಲ್ಕನೆಯದರಲ್ಲಿ ಅಪ್ಪನ ಕೈಯಲ್ಲೂ ಟೀ ಲೋಟವಿತ್ತು.

ಆ ಶೆಡ್ ಈಗಿಲ್ಲ. ಟೀ ಕುಡಿಯುತ್ತ ನಿಂತಿದ್ದ ನಿಮ್ಮನ್ನು ಯಾರಾದರೂ ಹೀಗೆ ಗಾಡಿ ಹತ್ತಿಸಿದ್ದರೆ, ಎಲ್ಲಿ ಎಂದು ಬರೆದು ತಿಳಿಸಿ. ಚಕ್ರಗಳು ಚೆನ್ನಾಗಿಯೇ ಇವೆ. ಅಪ್ಪ ಕೇಳುತ್ತಿದ್ದಾರೆ, ಇನ್ನೊಂದು ರೌಂಡಿಗೆ.