ವೇಬ್ರಿಡ್ಜ್‌ನ ಹಳೇ ಕರ್ನಲ್

ಗುಬ್ಬಿಯಲ್ಲಿ ಲಾರಿ ತೂಗುವ ಒಂದು ವೇಬ್ರಿಡ್ಜ್‌ನಲ್ಲಿ ಕಂಪ್ಯೂಟರ್ ಕೈಕೊಟ್ಟಿತ್ತು. ತೆಂಗಿನಕಾಯಿ ಲಾರಿಗಳು ರಸ್ತೆವರೆಗೂ ನಿಂತು ಹಾರ್ನ್ ಹೊಡೀತಿದ್ದವು. ಮಾಲೀಕರಾದ ಗಂಗಮ್ಮ ಕುರ್ಚಿ ಎಳೆದುಕೊಂಡು ರಿಪೇರಿಗೆ ಬಂದಿದ್ದ ನನ್ನ ಬೆನ್ನ ಹಿಂದೆಯೇ ಕೂತರು.

ತೂಕದ ಪ್ರೋಗ್ರಾಮ್ ಜೊತೆ ಒಂದೇ ಹೊತ್ತಿಗೆ ಹಲವು ಕೆಲಸ ನಡೆಸುವ ಸಿದ್ಧ ಕೋಡ್, ಅಂದರೆ ಹೊಸ ಥ್ರೆಡ್ ಲೈಬ್ರರಿ, ಯಾರೋ ಹಾಕಿದ್ದರು. ಅದು ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶವಾದ ಕರ್ನಲ್‌ಗೆ ಹೊಸ ಬಗೆಯ ಕೋರಿಕೆ, ಅಂದರೆ ಹೊಸ ಸಿಸ್ಟಮ್ ಕಾಲ್, ಕೊಟ್ಟು ಕೆಲಸ ಕೇಳುತ್ತಿತ್ತು. ಆ ಯಂತ್ರದ ಕರ್ನಲ್ ಹಳೆಯದು, ಅಂಥ ಕಾಲ್ ಗೊತ್ತೇ ಇಲ್ಲ ಅನ್ನುತ್ತಿತ್ತು. ಅಷ್ಟಕ್ಕೇ ಪ್ರೋಗ್ರಾಮ್ ನಿಂತುಹೋಗುತ್ತಿತ್ತು. ಕರ್ನಲ್ ಬದಲಿಸೋಣ ಅಂದರೆ ತೂಕವನ್ನು ಕಂಪ್ಯೂಟರ್‌ಗೆ ತಲುಪಿಸುವ ಕಾರ್ಡ್ ಹೊಸದರಲ್ಲಿ ಓಡುವುದಿಲ್ಲ. ಕೊನೆಗೆ ಲೈಬ್ರರಿಗೇ ನಾಲ್ಕು ಸಾಲು ಸೇರಿಸಿದೆ. ಪರದೆ ಮೇಲೆ ತೂಕ ಮೂಡಿತು, ಮೊದಲ ಲಾರಿ ಹೊರಟಿತು.

"ಏನ್ ಮಾಡ್ದೆ ಮಗಾ?" ಅಂದರು ಗಂಗಮ್ಮ.

"ಹೊಸ ಕಾಲ್ ಗೊತ್ತಿಲ್ಲ ಅಂದ್ರೆ ಹಳೇದ್ರಲ್ಲೇ ಕೇಳು ಅಂದೆ ಅಮ್ಮ. ಒಂದ್ಸಲ ಇಲ್ಲ ಅನ್ನಿಸ್ಕೊಂಡ್ರೆ ನೆನಪಿಟ್ಕೊಳ್ತದೆ, ಮತ್ತೆ ಅದನ್ನ ಕೇಳಲ್ಲ."

ಅಷ್ಟರಲ್ಲಿ ಅವರ ಯಜಮಾನರು ಬಾಗಿಲಲ್ಲಿ ಇಣುಕಿದರು. "ಶಿರಾ ಗೇಟಲ್ಲಿ ಸೆಕೆಂಡ್ ಹ್ಯಾಂಡ್ ಜೀಪ್ ಐತಂತೆ ಕಣೇ, ತಗಳಾಣ್ವಾ?"

"ಬ್ಯಾಡ ಅಂತ ಎಷ್ಟ್ ಸಲ ಹೇಳ್ಲಿ?" ಎಂದು ಗದರಿದ ಗಂಗಮ್ಮ ನನ್ನ ಕಡೆ ತಿರುಗಿದರು. "ಆ ನಾಕು ಸಾಲು ಇವ್ರಿಗೂ ಹಾಕಾಕಾಯ್ತದಾ?"

ಎಷ್ಟೋ ಬಗೆಯ ಯಂತ್ರಗಳಿಗೆ ಈ ಲೈಬ್ರರಿ ಹೊಂದಿಸಿಕೊಟ್ಟಿದ್ದೇನೆ. ಗಂಡಂದಿರಿಗೆ ಮಾತ್ರ ಇನ್ನೂ ಆಗಿಲ್ಲ.